ಜೆಟ್ಟಮ್ಮ ಹಚ್ಚಿದ ಅರಗು

ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಅದು ಸರ್ಕಾರಿ ಕಾಗದಗಳಲ್ಲಿ ಮಾತ್ರ ಉಳಿದು, ಬೀದಿಗೆಲ್ಲ ಅವಳು ಜೆಟ್ಟಮ್ಮನಾಗಿ ಮೂವತ್ತು ವರ್ಷ ದಾಟಿತ್ತು. ಹಳೆಯ ಕಾರಿನ ಕಾರ್ಬೊರೇಟರಿನೊಳಗೆ ಪೆಟ್ರೋಲು ಹಾಯಲೆಂದು ಹಿತ್ತಾಳೆಯ ಒಂದು ಪುಟ್ಟ ತೂತಿನ ತಿರುಪು ಇರುತ್ತದಲ್ಲ, ಅದಕ್ಕೆ ಜೆಟ್ಟು ಅನ್ನುತ್ತಾರೆ. ಆ ತೂತಿನಲ್ಲಿ ತಲೆಗೂದಲು ಹಾಯುವುದೂ ಕಷ್ಟ. ಬೇರೆ ಮೆಕ್ಯಾನಿಕ್ಕರು ಅದನ್ನು ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರೆ, ಜೆಟ್ಟಮ್ಮ ತುಟಿಗಿಟ್ಟು ಊದುತ್ತಿದ್ದಳು. ಹೊರಡುವ ಸಿಳ್ಳು ಕೇಳಿಯೇ ಅದು ಕಟ್ಟಿದೆಯೋ, ಸವೆದಿದೆಯೋ, ಯಾರಾದರೂ ಪುಣ್ಯಾತ್ಮ ತಂತಿ ತೂರಿಸಿ ಕೆಡಿಸಿದ್ದಾನೋ ಹೇಳಿಬಿಡುತ್ತಿದ್ದಳು. ಒಂದು ಸಲವೂ ತಪ್ಪುತ್ತಿರಲಿಲ್ಲ. ತಪ್ಪುತ್ತಿರಲಿಲ್ಲ ಎನ್ನುವುದು ಎಲ್ಲರಿಗಿಂತ ಚೆನ್ನಾಗಿ ಅವಳಿಗೇ ಗೊತ್ತಿತ್ತು.

ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಗೆ ಒತ್ತಿ ಒಂದು ಮೇಜು, ಮೇಜಿನ ಮೇಲೆ ಬಿಳಿ ಪಿಂಗಾಣಿ ತಟ್ಟೆಗಳು, ಹಲ್ಲುಜ್ಜುವ ಹಳೆಯ ಬ್ರಶ್ಶುಗಳು, ದಾರ ಕಟ್ಟಿದ ಭೂತಗನ್ನಡಿ. ಬಾಗಿಲ ಮೇಲೆ ಅಪ್ಪ ಬರೆಸಿದ್ದ ಮರದ ಬೋರ್ಡು: ‘ಕಾರ್ಬೊರೇಟರ್ ಮಾತ್ರ’. ಆ ‘ಮಾತ್ರ’ ಎನ್ನುವುದನ್ನು ಅಪ್ಪನಿಗಿಂತ ಮಗಳೇ ಹೆಚ್ಚು ಪಾಲಿಸಿದಳು. ಕಾರು ಬೀದಿಯಲ್ಲಿ ನಿಂತಿದೆ, ಒಮ್ಮೆ ಬಂದು ನೋಡಿ ಎಂದು ಯಾರಾದರೂ ಅಂದರೆ, "ಕಾರು ಕಟ್ಕೊಂಡು ನಾನೇನ್ ಮಾಡ್ಲಿ? ಎರಡು ನಟ್ಟು ಬಿಚ್ಚಿ ಕಾರ್ಬೊರೇಟರ್ ತನ್ನಿ. ನಾನು ನೋಡಿಕೊಟ್ಮೇಲೂ ಗಾಡಿ ಹೊರಡದಿದ್ರೆ ರೋಗ ಬೇರೆ ಕಡೆ ಇದೆ ಅಂತ ಅರ್ಥ," ಅನ್ನುತ್ತಿದ್ದಳು. ಗಿರಾಕಿಗಳು ಚೀಲದಲ್ಲಿ, ಡಬ್ಬಿಯಲ್ಲಿ, ಕೆಲವರು ಟವೆಲಿನಲ್ಲಿ ಕೂಸಿನಂತೆ ಸುತ್ತಿ ತರುತ್ತಿದ್ದರು.

ಅವಳು ನಿಜವಾಗಿ ಹೆಸರು ಮಾಡಿದ್ದು ಬೆಂಡಿನಲ್ಲಿ. ಕಾರ್ಬೊರೇಟರಿನ ಬಟ್ಟಲಲ್ಲಿ ಪೆಟ್ರೋಲು ತುಂಬಿದ ಹಾಗೆ ಒಂದು ಬೆಂಡು ತೇಲಿ ಮೇಲೇರುತ್ತದೆ; ಏರಿ ಒಂದು ಸೂಜಿಯನ್ನು ಒತ್ತುತ್ತದೆ; ಸೂಜಿ ಪೆಟ್ರೋಲು ಬರುವ ದಾರಿಯನ್ನು ಮುಚ್ಚುತ್ತದೆ. ಖಾಲಿಯಾದರೆ ಬೆಂಡು ಇಳಿಯಬೇಕು, ಸೂಜಿ ಬಿಡಬೇಕು, ದಾರಿ ತೆರೆಯಬೇಕು. ಹಳೆಯ ಬೆಂಡು ಕೆಟ್ಟರೆ ಹೊಸದು ಎಲ್ಲೂ ಸಿಗದು. ಜೆಟ್ಟಮ್ಮ ಬಾಟಲಿ ಬಿರಡೆಯ ಜಾತಿಯ ಬೆಂಡನ್ನು ಬ್ಲೇಡಿನಲ್ಲಿ ಕೊರೆದು, ತೂಕ ನೋಡಿ, ಪೆಟ್ರೋಲು ಒಳಗೆ ಇಂಗದಂತೆ ಮೇಲೆ ಮೂರು ಸಲ ಅರಗು ಹಚ್ಚುತ್ತಿದ್ದಳು. ಅರಗಿನ ಚೂರನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದರೆ ಜೇನಿನ ಬಣ್ಣದ ಪಾಲಿಶು ಬರುತ್ತದೆ. ಮರಗೆಲಸದವರು ಬಾಗಿಲು ಕುರ್ಚಿಗಳಿಗೆ ಬಳಿಯುವುದು ಇದನ್ನೇ. ಹತ್ತೊಂಬತ್ತರ ಹರೆಯದಲ್ಲಿ ಅಪ್ಪ ಅವಳನ್ನು ಅರಗು ತರಲು ಪಾಲಿಶಿನವನ ಅಂಗಡಿಗೆ ಕಳಿಸಿದ್ದ. ಬೆಂಡು ಹೆಬ್ಬೆರಳಷ್ಟು, ಬೇಕಾದ ಅರಗು ಒಂದು ಚಿಟಿಕೆ. ಆದರೂ ಆ ವರ್ಷ ಅವಳು ವಾರಕ್ಕೆರಡು ಸಲ ಅರಗು ತರಲು ಹೋದಳು. ಅಪ್ಪ ಲೆಕ್ಕಕ್ಕೆ ಸಿಗದ ಅರಗನ್ನು ನೋಡಿ ನಕ್ಕು, ಮಗಳನ್ನು ಪಾಲಿಶಿನವನಿಗೇ ಕೊಟ್ಟು ಮದುವೆ ಮಾಡಿದ.

ಹೀಗೆ ಆ ಅರಗಿನಲ್ಲಿ ಅಪ್ಪ ಇದ್ದ, ಗಂಡ ಇದ್ದ, ಅವಳ ಅರ್ಧ ಆಯುಷ್ಯವೇ ಇತ್ತು. ಊರಿನಲ್ಲಿ ಓಡುವ ಹಳೆಯ ಕಾರುಗಳಲ್ಲಿ ನಲವತ್ತೊಂದಕ್ಕೆ ಅವಳ ಬೆಂಡು ಕೂತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಜೆಟ್ಟಮ್ಮನಿಗೆ ಬೆಂಡು ಮುದ್ದು.

ಆ ನಲವತ್ತೊಂದರಲ್ಲಿ ಒಂದು ಡ್ರೈವಿಂಗ್ ಮೇಷ್ಟ್ರ ಕಾರು. ಊರಿನ ಅರ್ಧ ಜನ ಸ್ಟೀರಿಂಗ್ ಹಿಡಿದು ಬೆವರಿದ್ದು ಅದರಲ್ಲೇ. ಮೇಷ್ಟ್ರು ಪಾಠ ನಿಲ್ಲಿಸಿದ ಮೇಲೆ ಕಾರು ಭಾನುವಾರ ಬೆಳಿಗ್ಗೆ ಮಾತ್ರ ಹೊರಗೆ ಬರುತ್ತಿತ್ತು. ಬರಲು ತಕರಾರು ಶುರುವಾದದ್ದೂ ಆಗಲೇ. ವಾರವಿಡೀ ನಿಂತು ತಣ್ಣಗಾದ ಎಂಜಿನು ಚೋಕು ಎಳೆದರೂ ಕೆಮ್ಮುವುದಿಲ್ಲ, ಬ್ಯಾಟರಿ ಸುಸ್ತಾಗುವ ತನಕ ತಿರುಗಿಸಿದರೂ ಉಸಿರಿಲ್ಲ. ಹೇಗೋ ಒಮ್ಮೆ ಹೊರಟಿತೋ, ದಿನವಿಡೀ ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು. ಮೇಷ್ಟ್ರು ಮೂರು ಸಲ ಕಾರ್ಬೊರೇಟರ್ ಬಿಚ್ಚಿ ಚೀಲದಲ್ಲಿ ತಂದರು. ಮೂರು ಸಲವೂ ಜೆಟ್ಟಮ್ಮ ಬಿಚ್ಚಿ, ತೊಳೆದು, ಊದಿ ನೋಡಿದಳು. ಸೂಜಿ ಸಲೀಸಾಗಿ ಆಡುತ್ತಿತ್ತು. ಜೆಟ್ಟುಗಳು ಸರಿಯಾಗಿ ಸಿಳ್ಳು ಹಾಕುತ್ತಿದ್ದವು. ಬಟ್ಟಲ ತಳದಲ್ಲಿ ಒಂದಿಷ್ಟು ಕಂದು ಜಿಗುಟು ಇತ್ತು. ಹಳೇ ಪೆಟ್ರೋಲಿನ ಕೊಳೆ ಎಂದು ಒರೆಸಿ ಹಾಕಿದಳು. ಬೆಂಡಿನ ಕಡೆ ನೋಡಲೇ ಇಲ್ಲ. ತಾನೇ ಮಾಡಿದ ಬೆಂಡನ್ನು ನೋಡುವುದೇನು?

ಮೂರನೆಯ ಸಲ ಅವಳು ತೀರ್ಪು ಕೊಟ್ಟಳು. "ಮೇಷ್ಟ್ರೇ, ಇದು ಪಂಪಿನ ರೋಗ. ವಾರ ನಿಂತ್ರೆ ಪಂಪು ಪೆಟ್ರೋಲ್ ಮೇಲಕ್ಕೆತ್ತಲ್ಲ, ಬಟ್ಟಲು ಒಣಗಿರುತ್ತೆ. ಪಂಪು ಮಾಡಿದ್ದು ಯಾರು?"

ಯಾರೆಂದು ಅವಳಿಗೆ ಗೊತ್ತಿಲ್ಲವೆ! ಬೀದಿಯ ಕೆಳತುದಿಯಲ್ಲಿ ಪಂಪಿನ ಅಂಗಡಿ ಇಟ್ಟವನು ಅವಳ ತಂಗಿಯ ಗಂಡನೇ. ಕಾರಿನ ಟ್ಯಾಂಕಿನಿಂದ ಎಂಜಿನಿಗೆ ಪೆಟ್ರೋಲು ಎತ್ತುವ ಹಳೆಯ ಪಂಪುಗಳನ್ನು ಬಿಚ್ಚಿ, ಒಳಗಿನ ರಬ್ಬರಿನ ಪೊರೆ ಬದಲಿಸಿ ಮತ್ತೆ ಜೀವ ಕೊಡುವ ಕೆಲಸ. ಮಾತು ಕಡಿಮೆ, ಕೆಲಸ ಗಟ್ಟಿ. ಕೆಲಸ ಮುಗಿದ ಮೇಲೆ ಬಾನೆಟ್ಟಿನ ಮೇಲೆ ಅಂಗೈ ತಟ್ಟಿ, "ಪಂಪು ನಂದು, ಚಿಂತೆ ಬಿಡಿ," ಅನ್ನುವುದು ಅವನ ಅಭ್ಯಾಸ.

ಮೇಷ್ಟ್ರು ಅಲ್ಲಿಗೆ ಹೋಗಿ ಹೇಳಿದ್ದೇ, ಅವನು ಕೈ ಒರೆಸಿಕೊಳ್ಳುತ್ತ ಬಂದ. ಬೀದಿಯಲ್ಲಿ ನಾಲ್ಕು ಜನ ಇದ್ದರು.

"ಅಕ್ಕಾ, ಪಂಪು ಸರಿಯಾಗೇ ಇದೆ. ಒಂದ್ಸಲ ಬೆಳಿಗ್ಗೆ ಕಾರಿನ ಹತ್ರ ಬಂದು ನೋಡ್ಬಾರ್ದಾ?"

ಅಷ್ಟು ಸಾಕಾಯಿತು. "ನಾನು ಯಾಕಪ್ಪಾ ಬರ್ಲಿ? ಕುಣಿಲಾರದವಳು ನೆಲ ಡೊಂಕು ಅಂದ್ಲಂತೆ! ಕೇಳ್ಕೋ, ನಾಲ್ಕು ಜನರ ಮುಂದೆ ಹೇಳ್ತಿದೀನಿ. ತಪ್ಪು ನನ್ನ ಕಾರ್ಬೊರೇಟರಿಂದು ಅಂತಾದ್ರೆ ನಮ್ಮಪ್ಪ ಹಾಕಿದ ಈ ಬೋರ್ಡು ಇಳಿಸ್ತೀನಿ."

ಅವನು ಬೋರ್ಡನ್ನೊಮ್ಮೆ ನೋಡಿ ಹೋದ. ಮೇಷ್ಟ್ರು ಅವನ ಕೈಯಿಂದಲೇ ಹೊಸ ಪಂಪು ಹಾಕಿಸಿದರು. ಮುಂದಿನ ಮೂರು ಭಾನುವಾರ ಕಾರು ಒಂದೇ ಸಲಕ್ಕೆ ಹೊರಟಿತು. "ನೋಡಿದ್ರಾ?" ಎಂದು ಜೆಟ್ಟಮ್ಮ ಗಂಡನಿಗೆ ಹೇಳಿದಳು, ಪಕ್ಕದ ಮನೆಯವರಿಗೆ ಹೇಳಿದಳು, ಕೇಳದವರಿಗೂ ಹೇಳಿದಳು. ತಂಗಿ ಮಾತ್ರ ಕೇಳಲು ಬರಲಿಲ್ಲ. ದಿನಕ್ಕೆರಡು ಸಲ ಅಕ್ಕನ ಮನೆಗೆ ಬಂದು ಮೇಜಿನ ಮೂಲೆಯಲ್ಲಿ ಕೂತು ಹರಟುತ್ತಿದ್ದವಳು ಆಮೇಲೆ ಎಂಟು ತಿಂಗಳು ಹೊಸ್ತಿಲು ತುಳಿಯಲಿಲ್ಲ. ಜೆಟ್ಟಮ್ಮ ಆ ಮೂಲೆಯನ್ನು ಹಾಗೆಯೇ ಖಾಲಿ ಬಿಟ್ಟಿದ್ದಳು. ಆದರೆ ತಾನಾಗಿ ಹೋಗಿ ಕರೆಯುವ ಜಾತಿ ಅವಳಲ್ಲ. ಸರಿ ಇದ್ದವರು ಯಾಕೆ ಹೋಗಬೇಕು?

ಎಂಟು ತಿಂಗಳ ಮೇಲೆ ಒಂದು ಶನಿವಾರ ಮೇಷ್ಟ್ರು ದಾರಿಯಲ್ಲಿ ಸಿಕ್ಕರು. ಕಾರು ಹೇಗಿದೆ ಎಂದು ಅವಳು ಕೇಳಿದ್ದು ಹೊಗಳಿಕೆ ಕೇಳಲು.

"ಚೆನ್ನಾಗಿದೆ ಜೆಟ್ಟಮ್ಮಾ. ಬೆಳಿಗ್ಗೆ ಎರಡು ಚಮಚ ಕುಡಿಸಿದ್ರೆ ಆಯ್ತು, ಹೊರಟ್ಬಿಡುತ್ತೆ."

"ಏನು ಕುಡಿಸೋದು?"

ಮೇಷ್ಟ್ರು ನಾಲಿಗೆ ಕಚ್ಚಿಕೊಂಡರು. ಆದರೆ ಆಡಿದ ಮಾತು ಹೊರಗೆ ಬಂದಾಗಿತ್ತು. ಆರೇಳು ತಿಂಗಳಿಂದ ಅವರು ಪ್ರತಿ ಭಾನುವಾರ ಕಾರ್ಬೊರೇಟರಿನ ಬಾಯಿಗೆ ಚಮಚದಲ್ಲಿ ಪೆಟ್ರೋಲು ಹೊಯ್ದು ಕಾರು ಹೊರಡಿಸುತ್ತಿದ್ದರು. ಜೆಟ್ಟಮ್ಮನ ಬಾಯಿಗೆ ಹೆದರಿ ಹೇಳಿರಲಿಲ್ಲ, ಅಷ್ಟೆ.

"ನನ್ನ ಕಾರ್ಬೊರೇಟರಿಗೆ ಚಮಚದಲ್ಲಿ ಕುಡಿಸ್ತಿದೀರಾ? ಅದೇನು ಎಳೇ ಮಗುನಾ?" ಎಂದು ಅವಳು ಗದರಿದಳು. ಗದರಿ ಮುಗಿಯುವಷ್ಟರಲ್ಲಿ ಲೆಕ್ಕ ಹೊಳೆಯಿತು. ಹೊಸ ಪಂಪು ಹಾಕಿಯೂ ಅದೇ ರೋಗ ಇದೆ ಎಂದರೆ ಹಳೆಯ ಪಂಪು ಮಾಡಿದ ಪಾಪವೇನು? "ನಾಳೆ ನಾನೇ ಬರ್ತೀನಿ. ನಾನು ಬರೋ ತನಕ ಕಾರು ಮುಟ್ಟಬೇಡಿ," ಅಂದಳು. ಮೂವತ್ತು ವರ್ಷದಲ್ಲಿ ಅವಳು ಕಾರಿನ ಹತ್ತಿರ ಹೋಗುತ್ತೇನೆ ಎಂದದ್ದು ಅದೇ ಮೊದಲು.

ಭಾನುವಾರ ಬೆಳಿಗ್ಗೆ ಮೇಷ್ಟ್ರ ಶೆಡ್ಡಿನಲ್ಲಿ ಕಾರು ತಣ್ಣಗೆ ನಿಂತಿತ್ತು. ಬಾನೆಟ್ಟು ಮುಟ್ಟಿದರೆ ಕೈಗೆ ಚಳಿ. ಜೆಟ್ಟಮ್ಮ ಮೊದಲು ಬಟ್ಟಲಿನ ಅಡಿಯ ತಿರುಪು ತೆಗೆದಳು. ಒಂದು ಹನಿಯೂ ಬೀಳಲಿಲ್ಲ. ವಾರದಲ್ಲಿ ಇದ್ದದ್ದೆಲ್ಲ ಆರಿಹೋಗಿತ್ತು, ಅದು ಸಹಜ. ಆಮೇಲೆ ಪಂಪಿನಿಂದ ಬರುವ ಕೊಳವೆಯನ್ನು ಬಿಡಿಸಿ ಸೀಸೆಗೆ ಹಿಡಿದು, ಪಂಪಿನ ಅಡಿಯ ಸಣ್ಣ ಹಿಡಿಯನ್ನು ಬೆರಳಿನಿಂದ ಒತ್ತಿದಳು. ಪೆಟ್ರೋಲು ಚಿಮ್ಮಿ ಬಂತು. ಅಂದರೆ ಪೆಟ್ರೋಲು ಅವಳ ಕಾರ್ಬೊರೇಟರಿನ ಬಾಗಿಲ ತನಕ ಬರುತ್ತಿದೆ. ಬಾಗಿಲು ತೆರೆಯುತ್ತಿಲ್ಲ.

ಕೊಳವೆಯನ್ನು ಮತ್ತೆ ಸಿಕ್ಕಿಸಿ ಹಿಡಿ ಒತ್ತಿದಳು. ಬಟ್ಟಲಿನ ಅಡಿಯಿಂದ ಏನೂ ಬರಲಿಲ್ಲ. "ಚಮಚ ಕೊಡಿ," ಅಂದಳು. ಮೇಷ್ಟ್ರು ಅಪರಾಧಿಯಂತೆ ಜೇಬಿನಿಂದ ತೆಗೆದುಕೊಟ್ಟರು. ಅದರ ಹಿಡಿಯಿಂದ ಕಾರ್ಬೊರೇಟರಿನ ಮುಚ್ಚಳದ ಮೇಲೆ, ಒಳಗೆ ಸೂಜಿ ಇರುವ ಜಾಗದಲ್ಲಿ, ಟಕ್ ಟಕ್ ಎಂದು ಎರಡು ಸಲ ಬಡಿದಳು. ಬಟ್ಟಲಿನೊಳಗೆ ಚುಳುಚುಳು ಸದ್ದಾಯಿತು. ಕೆಳಗೆ ಹಿಡಿದಿದ್ದ ಅವಳ ಅಂಗೈ ಮೇಲೆ ಪೆಟ್ರೋಲು ಸುರಿಯಿತು.

"ಅರೆ! ಚಮಚ ಮುಟ್ಟಿಸಿದ್ರೇ ಸಾಕಾಯ್ತಲ್ಲ! ಕೈಗುಣ ಅಂದ್ರೆ ಇದು," ಅಂದರು ಮೇಷ್ಟ್ರು.

ಜೆಟ್ಟಮ್ಮ ಮುಚ್ಚಳ ತೆಗೆದು ಸೂಜಿಯನ್ನು ಕಾಗದದಲ್ಲಿ ಸುತ್ತಿ, ಬೆಂಡನ್ನು ಹಿಡಿದುಕೊಂಡು ಮನೆಗೆ ಬಂದಳು. ಹಿತ್ತಲಲ್ಲಿ ಗಂಡ ಒಂದು ಹಳೆಯ ಬಾಗಿಲಿನ ಪಾಲಿಶನ್ನು ಸ್ಪಿರಿಟ್ಟಿನ ಬಟ್ಟೆಯಲ್ಲಿ ಒರೆಸಿ ತೆಗೆಯುತ್ತಿದ್ದ. ಅವಳು ಸೂಜಿಯ ತುದಿಯನ್ನು ಅದೇ ಬಟ್ಟೆಗೆ ಒತ್ತಿ ತಿರುಗಿಸಿದಳು. ತುದಿಯಲ್ಲಿದ್ದ ಕಂದು ಜಿಗುಟು ಕರಗಿ, ಜೇನು ಬಣ್ಣದ ಕಲೆ ಮೂಡಿತು.

"ಏನೇ ಅದು?"

"ನಿಮ್ಮ ಅರಗು."

"ನನ್ನ ಅರಗು ಹೆಂಗಾಗುತ್ತೆ? ಕೊಟ್ಟಿದ್ದು ನಾನು, ಹಚ್ಚಿದ್ದು ನೀನು."

ಅವಳು ಬೆಂಡನ್ನು ಬೆಳಕಿಗೆ ಹಿಡಿದಳು. ಆರು ವರ್ಷದ ಹಿಂದೆ ಹಚ್ಚಿದಾಗ ಗಾಜಿನಂತೆ ಹೊಳೆಯುತ್ತಿದ್ದ ಮೈ ಈಗ ಅಲ್ಲಲ್ಲಿ ಬೋಳಾಗಿ, ಬೆರಳಿಗೆ ಅಂಟುತ್ತಿತ್ತು. ಅಪ್ಪನ ಕಾಲದಿಂದ ನಲವತ್ತು ವರ್ಷ ಪೆಟ್ರೋಲಿಗೆ ಜಗ್ಗದ ಅರಗು ಈಗ ಯಾಕೆ ಕರಗಿತು? ಉತ್ತರ ಅವಳ ಎದುರಿಗೇ ಗಂಡನ ಕೈಯ ಬಟ್ಟೆಯಲ್ಲಿತ್ತು: ಸ್ಪಿರಿಟ್ಟು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಎಂಬ ಹೆಸರಿನಲ್ಲಿ ಸ್ಪಿರಿಟ್ ಬೆರೆಸುತ್ತಾರೆ. ಬಂಕಿನಲ್ಲಿ ದೊಡ್ಡಕ್ಷರದಲ್ಲಿ ಬರೆದು ಹಾಕಿದ್ದರು. ಗಂಡ ಒಂದು ದಿನ ಚಹಾ ಕುಡಿಯುತ್ತ, "ನಿನ್ನ ಬೆಂಡಿನ ಅರಗು ತಡೆಯುತ್ತಾ?" ಎಂದೂ ಕೇಳಿದ್ದ. "ನಿಮ್ಮ ಕುರ್ಚಿ ಮೇಜು ನೀವು ನೋಡ್ಕೊಳ್ಳಿ," ಎಂದಿದ್ದಳು ಮಹಾರಾಯಿತಿ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆಂದು ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ಅವಳು; ದಿನಾ ಕರಗಿಸುತ್ತಿದ್ದವಳು ಅವಳು.

ಮಿಕ್ಕದ್ದು ತಾನಾಗಿಯೇ ಬಿಡಿಸಿಕೊಂಡಿತು. ಕರಗಿದ ಅರಗು ಪೆಟ್ರೋಲಿನಲ್ಲಿ ಸೇರಿ ಸೂಜಿಯ ತುದಿಗೆ ಹತ್ತಿ, ಪೆಟ್ರೋಲು ಆರಿದಂತೆ ಗಟ್ಟಿಯಾಗುತ್ತಿತ್ತು; ಲಕೋಟೆಗೆ ಅರಗಿನ ಮುದ್ರೆ ಒತ್ತಿದಂತೆ. ದಿನಾ ಓಡುವ ಕಾರಿಗೆ ಅಂಟಲು ಸಮಯ ಸಿಗದು, ವಾರ ನಿಂತ ಕಾರಿಗೆ ಸಿಗುತ್ತದೆ. ಮೇಷ್ಟ್ರು ಬಿಚ್ಚಿ ಚೀಲದಲ್ಲಿ ಕುಲುಕುತ್ತ ತರುವಷ್ಟರಲ್ಲಿ ಮುದ್ರೆ ಒಡೆದು ಸೂಜಿ ಸಲೀಸು. ಚಮಚ ಕುಡಿದು ಎಂಜಿನು ಅದುರಿದರೂ ಅಷ್ಟೇ. ಅವಳು ತೊಳೆದು ಕೊಟ್ಟರೆ ಮೂರು ವಾರ ಆರಾಮ. ಹೊಸ ಪಂಪು ಗೆದ್ದದ್ದೂ ಆ ಮೂರು ವಾರ. ಕಾರಿನ ಹತ್ತಿರ ಹೋಗದೆ, ಮೇಜಿನ ಮುಂದೆ ಕೂತು, ಎಷ್ಟು ಜೆಟ್ಟು ಊದಿದರೂ ಇದು ತಿಳಿಯುವಂತಿರಲಿಲ್ಲ.

ಅವಳಿಗೆ ನಾಚಿಕೆಯಾಯಿತು. ಮುಖ ಬಿಸಿಯಾಗುವಷ್ಟು ನಾಚಿಕೆ. ಅದರ ಹಿಂದೆಯೇ ಒಂದು ಕಳ್ಳ ಯೋಚನೆಯೂ ಬಂತು. ಯಾರಿಗೆ ಗೊತ್ತಾಗಿದೆ? ಮೇಷ್ಟ್ರು ಕೈಗುಣ ಅಂದುಕೊಂಡಿದ್ದಾರೆ. ಬೆಂಡಿನ ಬದಲು ಹಿತ್ತಾಳೆ ತಗಡಿನ ಟೊಳ್ಳು ಫ್ಲೋಟು ಬೆಸೆದು ಹಾಕಿದರೆ ಕಾರು ಹೊರಡುತ್ತದೆ, ಕಥೆ ಮುಗಿಯಿತು.

"ಏನ್ರೀ, ನೀವೇನೂ ಹೇಳಲ್ವಾ?"

"ನಾನೇನ್ ಹೇಳ್ಲಿ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದೀಯ. ಎತ್ತಿಗೇನೋ ಈಗ ಮದ್ದು ಸಿಕ್ತು. ಎಮ್ಮೆದು ಇನ್ನೂ ಉರೀತಿರ್ಬೇಕು."

ಅವಳಿಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಸ್ಟೂಲು ತಂದಳು, ಬಾಗಿಲ ಮುಂದೆ ಇಟ್ಟು ಹತ್ತಿದಳು. ತಿರುಪುಗಳು ತುಕ್ಕು ಹಿಡಿದಿದ್ದವು. ಗಂಡ ಬಂದು ಸ್ಟೂಲು ಹಿಡಿದುಕೊಂಡ. ಬೋರ್ಡು ಕೈಗೆ ಬಂದಾಗ ಗೋಡೆಯಲ್ಲಿ ಅದರಷ್ಟೇ ಅಗಲದ ಬಿಳಿ ಜಾಗ ಉಳಿಯಿತು. ಆಗ ಮಾತ್ರ ಅವಳ ಕಣ್ಣು ತುಂಬಿತು.

ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳು ಹಗಲು ಹನ್ನೊಂದು ಗಂಟೆಗೆ, ನಡುಬೀದಿಯಲ್ಲಿ, ಕೆಳತುದಿಯ ಅಂಗಡಿಗೆ ನಡೆದಳು. ತಪ್ಪನ್ನು ಎತ್ತಿ ಹಾಕಿದ್ದು ನಾಲ್ಕು ಜನರ ಮುಂದೆ. ಇಳಿಸಿಕೊಳ್ಳುವುದೂ ಹಾಗೇ ಆಗಬೇಕು. ಬೆಂಚಿನ ಮೇಲೆ ಇಬ್ಬರು ಗಿರಾಕಿಗಳಿದ್ದರು. ತಂಗಿಯ ಗಂಡ ಎದ್ದು ನಿಂತ. ಒಳಬಾಗಿಲಲ್ಲಿ ತಂಗಿ ಕಾಣಿಸಿಕೊಂಡಳು. ಚೌಕಟ್ಟು ಹಿಡಿದು ಅಲ್ಲೇ ನಿಂತಳು.

"ತಪ್ಪು ನಂದಪ್ಪಾ. ನಿನ್ನ ಪಂಪು ಸರಿಯಾಗಿತ್ತು. ನಾನು ಹಚ್ಚಿದ ಅರಗು ಕರಗಿ ಸೂಜಿ ಕಚ್ಕೊಂಡಿತ್ತು. ಮಾತು ಕೊಟ್ಟಿದ್ದೆ, ಬೋರ್ಡು ಇಳಿಸಿದೀನಿ."

ಅಷ್ಟು ಹೇಳಿ ಅವಳು ಅಂಗಡಿಯನ್ನು ನೋಡಿದಳು. ಎಂಟು ತಿಂಗಳಲ್ಲಿ ಅದು ಬದಲಾಗಿತ್ತು. ಗೋಡೆ ತುಂಬ ಹೊಸ ಪಂಪುಗಳ ಡಬ್ಬಿಗಳು. ಪಂಪು ಬಿಚ್ಚುವ ಸ್ಕ್ರೂಡ್ರೈವರಿನ ಮೇಲೆ ಧೂಳು ಕೂತಿತ್ತು.

"ಇದೇನು, ಪಂಪು ಬಿಚ್ತಿಲ್ವಾ ನೀನು?"

"ಬಿಟ್ಟೆ ಅಕ್ಕಾ. ಹೊಸದು ಹಾಕಿ ಕಳಿಸ್ತೀನಿ, ಅಷ್ಟೆ." ಅವನು ಮೇಜಿನ ಕೆಳಗಿನಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು ತೆಗೆದ. ಬಿಚ್ಚಿದರೆ ಮೇಷ್ಟ್ರ ಕಾರಿನ ಹಳೆಯ ಪಂಪು. "ಎಷ್ಟು ಸಲ ಬಿಚ್ಚಿ ನೋಡಿದೆ ಅಂತೀರಿ! ಪ್ರತಿ ಸಲವೂ ಸರಿಯಾಗೇ ಇತ್ತು. ಅಕ್ಕನ ಕಿವಿ ತಪ್ಪಲ್ಲ, ಹಾಗಾದ್ರೆ ನನ್ನ ಕೈಯಲ್ಲೇ ಏನೋ ಕೆಟ್ಟಿದೆ, ನನಗೆ ಕಾಣ್ತಿಲ್ಲ ಅಂದ್ಕೊಂಡೆ. ಕಾಣದ ಕೈಯಲ್ಲಿ ಬೇರೆಯವರ ಪಂಪು ಹೆಂಗೆ ಮುಟ್ಲಿ?"

ಜೆಟ್ಟಮ್ಮ ಬೈಗುಳಕ್ಕೆ ತಯಾರಾಗಿ ಬಂದಿದ್ದಳು. ಇದಕ್ಕೆ ತಯಾರಾಗಿರಲಿಲ್ಲ. "ಬಾಯ್ಬಿಟ್ಟು ಹೇಳ್ಬಾರ್ದಿತ್ತಾ ನೀನು?"

"ಹೇಳಿದ್ದೆ ಅಕ್ಕಾ. ಒಂದ್ಸಲ ಕಾರಿನ ಹತ್ರ ಬನ್ನಿ ಅಂದಿದ್ದೆ."

ಗಿರಾಕಿಗಳು ನೆಲ ನೋಡಿದರು. ಜೆಟ್ಟಮ್ಮ ಬೋರ್ಡನ್ನು ಅವನ ಮೇಜಿನ ಮೇಲೆ ಅಕ್ಷರ ಕೆಳಗೆ ಮಾಡಿ ಮಲಗಿಸಿ, ಸೆರಗಿನಿಂದ ಅದರ ಬೆನ್ನು ಒರೆಸಿದಳು. "ಒಳ್ಳೇ ಮರ. ಚಪ್ಪಟೆಯಾಗಿದೆ. ಇದರ ಮೇಲೆ ಆ ಪಂಪು ಬಿಚ್ಚು. ಆ ಕಾಲದ ರಬ್ಬರೂ ಈ ಪೆಟ್ರೋಲಿಗೆ ತಡೆಯಲ್ಲ, ಹೊಸ ಪೊರೆ ಹಾಕು. ನಾಳೇನೇ ಮೇಷ್ಟ್ರ ಕಾರಿಗೆ ಇದೇ ಕೂರ್ಬೇಕು, ನೀನೇ ಕೂರಿಸ್ಬೇಕು. ವಾರ ನಿಲ್ಲಿಸಿ, ಭಾನುವಾರ ಹೊರಡುತ್ತಾ ಅಂತ ನಿಂತು ನೋಡೋಕೆ ನಾನು ಬರ್ತೀನಿ."

ಅವನು ಸ್ಕ್ರೂಡ್ರೈವರಿನ ಧೂಳು ಒರೆಸಿದ. ಮೊದಲ ತಿರುಪನ್ನು ತಡವಿ ತಡವಿ ಬಿಚ್ಚಿದ. ಮೂರನೆಯದನ್ನು ನೋಡದೆಯೇ ಬಿಚ್ಚಿದ.

ಆ ರಾತ್ರಿಯೇ ಜೆಟ್ಟಮ್ಮ ಹಿತ್ತಾಳೆ ತಗಡು ಕತ್ತರಿಸಿ, ಮಡಚಿ, ಟೊಳ್ಳು ಫ್ಲೋಟು ಬೆಸೆದಳು. ಬಿಸಿನೀರಿನಲ್ಲಿ ಮುಳುಗಿಸಿ ಹಿಡಿದಳು; ಒಂದು ಗುಳ್ಳೆಯೂ ಏಳಲಿಲ್ಲ. ಕೆಲಸದಲ್ಲಿ ಅವಳ ಧೈರ್ಯ ಕಡಿಮೆಯಾಗಿರಲಿಲ್ಲ, ಅದು ಆಗುವುದೂ ಇಲ್ಲ. ಆದರೆ ಈ ಸಲ ಗುಳ್ಳೆ ಇಲ್ಲವೆಂದು ಗೊತ್ತಾದ ಮೇಲೂ ಇನ್ನೊಮ್ಮೆ ಮುಳುಗಿಸಿದಳು. ಮಿಕ್ಕ ನಲವತ್ತು ಕಾರಿನವರಿಗೂ ಹೇಳಿಕಳಿಸಿದ್ದಳು: ಬೆಂಡು ಬದಲಿಸಬೇಕು, ಬಿಚ್ಚಿ ತರಬೇಡಿ, ನಾನೇ ಬರುತ್ತೇನೆ. ಆ ವಾರ ಬೋರ್ಡಿಲ್ಲದ ಮನೆಗೆ ಜನ ಮೊದಲಿಗಿಂತ ಹೆಚ್ಚೇ ಬಂದರು. ಕೆಲವರು ಬಂದದ್ದು ಬಿಳಿ ಜಾಗ ನೋಡಲು. ನೋಡಲಿ ಎಂದು ಅವಳು ಬಾಗಿಲು ತೆರೆದೇ ಇಟ್ಟಳು.

ಭಾನುವಾರ ಮೇಷ್ಟ್ರ ಶೆಡ್ಡಿನಲ್ಲಿ ಐದು ಜನ. ಫ್ಲೋಟು, ಪಂಪು ಎರಡನ್ನೂ ಸೋಮವಾರವೇ ಕೂರಿಸಿ, ಒಮ್ಮೆ ಎಂಜಿನ್ ಓಡಿಸಿ ನಿಲ್ಲಿಸಿದ್ದರು. ಆಮೇಲೆ ಕಾರನ್ನು ಯಾರೂ ಮುಟ್ಟಿರಲಿಲ್ಲ. ಅಕ್ಕ ಒಂದು ಪಕ್ಕ, ತಂಗಿ ಇನ್ನೊಂದು ಪಕ್ಕ. ನಡುವೆ ತಣ್ಣಗಿನ ಕಾರು. ಮೇಷ್ಟ್ರು ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿದರು.

"ಆ ಚಮಚ ಇಲ್ಲಿ ಕೊಡಿ," ಎಂದು ಜೆಟ್ಟಮ್ಮ ಕಿತ್ತುಕೊಂಡಳು. "ಪಂಪಿನ ಹಿಡಿ ಹತ್ತು ಸಲ ಒತ್ತಪ್ಪಾ. ಮೇಷ್ಟ್ರೇ, ಚೋಕು ಎಳೀರಿ."

ಮೊದಲ ಸಲ ಎಂಜಿನು ತಿರುಗಿ ನಿಂತಿತು. ಎರಡನೆಯ ಸಲ ಒಮ್ಮೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಶೆಡ್ಡಿನ ತಗಡೆಲ್ಲ ನಡುಗುವಂತೆ ಹೊರಟಿತು. ಮೇಷ್ಟ್ರು ಚೋಕನ್ನು ನಿಧಾನ ಒಳಗೆ ತಳ್ಳಿದರು. ಎಂಜಿನು ಸದ್ದು ತಗ್ಗಿಸಿ, ಒಂದೇ ಸಮನೆ ಆಡತೊಡಗಿತು.

ಎಲ್ಲರೂ ಜೆಟ್ಟಮ್ಮನ ಬಾಯಿ ನೋಡಿದರು. ಇಂಥ ಹೊತ್ತಿನಲ್ಲಿ "ನೋಡಿದ್ರಾ?" ಅನ್ನುವುದು ಅವಳ ಹಕ್ಕೇ ಆಗಿತ್ತು. ಅವಳು ಅನ್ನಲಿಲ್ಲ. ತಂಗಿಯ ಗಂಡನ ಕೈಯನ್ನೇ ನೋಡುತ್ತಿದ್ದಳು. ಅವನು ಬಾನೆಟ್ಟು ಇಳಿಸಿ, ಅದರ ಮೇಲೆ ಅಂಗೈ ಇಟ್ಟು, ಸ್ವಲ್ಪ ಹೊತ್ತು ಅದುರುವಿಕೆಯನ್ನು ಕೇಳಿಸಿಕೊಂಡ. ಆಮೇಲೆ ಒಮ್ಮೆ ತಟ್ಟಿದ.

"ಪಂಪು ನಂದು," ಅಂದ.

"ಹೂಂ ಕಣಪ್ಪಾ," ಅಂದಳು ಜೆಟ್ಟಮ್ಮ. "ನಿಂದೇ."

ತಂಗಿ ಕಾರನ್ನು ಸುತ್ತಿಕೊಂಡು ಈ ಪಕ್ಕಕ್ಕೆ ಬಂದು, ಅಕ್ಕನ ಕೈಯಲ್ಲಿದ್ದ ಚಮಚವನ್ನು ತೆಗೆದುಕೊಂಡು, "ನನ್ನ ಮೂಲೆ ಇನ್ನೂ ಖಾಲಿ ಇದೆಯಾ ಅಕ್ಕಾ?" ಅಂದಳು.